ತೆರೆಯಿಂದ ಮಡಿಲಿಗೆ

ಗೊಂಬೆಯ ಮೇಲೆ ಮಕ್ಕಳಿಗಿರುವ ಪ್ರೀತಿ ಇಂದು ನಿನ್ನೆಯದಲ್ಲ. ಮಣ್ಣು, ಮರ, ದಂತ, ಬಟ್ಟೆ ಮೊದಲಾಗಿ ಕೈಗೆ ದೊರೆತ ವಸ್ತುವಿನಿಂದ ಮನುಷ್ಯನು ತನ್ನ ಮಕ್ಕಳಿಗೆ ಗೊಂಬೆಗಳನ್ನು ಮಾಡಿಕೊಡುತ್ತಲೇ ಬಂದಿದ್ದಾನೆ. ಹಳೆಯ ಸೀರೆಯ ತುಂಡನ್ನು ಸುರುಳಿ ಸುತ್ತಿ, ದಾರದಿಂದ ಕತ್ತನ್ನು ಬಿಗಿದು, ಕಾಡಿಗೆಯಿಂದ ಕಣ್ಣು ಬರೆದರೆ ಅದೇ ಒಂದು ಗೊಂಬೆ. ಅಂತಹ ಗೊಂಬೆಗೆ ಯಾರ ಹೋಲಿಕೆಯೂ ಬೇಕಾಗಿರಲಿಲ್ಲ. ಮಗು ಯಾವ ಹೆಸರಿಟ್ಟು ಕರೆದರೆ ಅದೇ ಅದರ ಹೆಸರು.

ಇಪ್ಪತ್ತನೆಯ ಶತಮಾನದಲ್ಲಿ ಚಲಚ್ಚಿತ್ರವು ಬೆಳೆದಂತೆ ಮಕ್ಕಳಲ್ಲಿ ಹೊಸದೊಂದು ಬಯಕೆ ಹುಟ್ಟಿತು. ಊರೆಲ್ಲ ಕಣ್ಣಾರೆ ಕಂಡಿದ್ದರೂ ಯಾರ ಕೈಗೂ ಸಿಕ್ಕದ ಒಂದು ಪ್ರಾಣಿ ತಮಗೆ ಬೇಕೆಂದು ಅವರು ಹಟ ಹಿಡಿದರು. ಅದು ಕಾಡಿನಲ್ಲಾಗಲಿ ನಾಡಿನಲ್ಲಾಗಲಿ ಇರುವ ಪ್ರಾಣಿಯಲ್ಲ. ಬಿಳಿಯ ತೆರೆಯ ಮೇಲೆ ಬೆಳಕು ಬಿದ್ದಾಗ ಕಾಣಿಸಿಕೊಂಡು, ಬೆಳಕು ಆರಿದೊಡನೆ ಮಾಯವಾಗುವ ಒಂದು ಇಲಿ. ಅದರ ಹೆಸರು ಮಿಕ್ಕಿ ಮೌಸ್. ಆ ನೆರಳಿಗೆ ಮೈಯನ್ನು ಕೊಟ್ಟು ಮಕ್ಕಳ ಮಡಿಲಿಗೆ ತಂದವಳು ಬಟ್ಟೆ ಹೊಲಿಯುವ ಒಬ್ಬ ಹೆಂಗಸು. ಆ ಕೆಲಸದಲ್ಲಿ ಆಕೆಗೆ ನೆರವಾದವನು ಪ್ರೌಢಶಾಲೆಯಲ್ಲಿ ಓದುತ್ತಿದ್ದ ಒಬ್ಬ ಹುಡುಗ.

ವಾಲ್ಟ್ ಡಿಸ್ನಿ ಎಂಬ ಅಮೆರಿಕದ ಚಿತ್ರ ನಿರ್ಮಾಪಕನೂ ಅವನ ಜೊತೆಗಾರನಾದ ಅಬ್ ಐವರ್ಕ್ಸ್ ಎಂಬ ಚಿತ್ರಗಾರನೂ ಸೇರಿ ಈ ಇಲಿಯನ್ನು ಸೃಷ್ಟಿಸಿದರು. 1928ರ ನವೆಂಬರ್ 18ರಂದು ನ್ಯೂಯಾರ್ಕ್ ನಗರದಲ್ಲಿ ‘ಸ್ಟೀಮ್‌ಬೋಟ್ ವಿಲ್ಲಿ’ ಎಂಬ ಕಿರುಚಿತ್ರವು ತೆರೆಕಂಡಿತು. ಅಲ್ಲಿಯವರೆಗಿನ ಕಾರ್ಟೂನ್ ಚಿತ್ರಗಳು ಬಹುಮಟ್ಟಿಗೆ ಮೂಕಚಿತ್ರಗಳು. ಈ ಚಿತ್ರದಲ್ಲಿಯಾದರೋ ಇಲಿಯು ಸಿಳ್ಳು ಹಾಕಿದರೆ ಸಿಳ್ಳು ಕೇಳಿಸಿತು. ತಾಳಕ್ಕೆ ಸರಿಯಾಗಿ ಅದರ ಕಾಲು ಕುಣಿಯಿತು. ಜನ ಬೆರಗಾದರು. ಒಂದೆರಡು ವರ್ಷಗಳೊಳಗಾಗಿ ಮಿಕ್ಕಿಯ ಹೆಸರು ಅಮೆರಿಕದ ಮನೆಮನೆಯ ಮಾತಾಯಿತು.

ಅದೇ ಸಮಯದಲ್ಲಿ ಆ ದೇಶಕ್ಕೆ ದೊಡ್ಡದೊಂದು ಕಷ್ಟವೂ ಒದಗಿತು. 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದುಬಿದ್ದಿತು. ಬ್ಯಾಂಕುಗಳು ಬಾಗಿಲು ಹಾಕಿದವು; ಕಾರ್ಖಾನೆಗಳು ನಿಂತುಹೋದವು; ಲಕ್ಷೋಪಲಕ್ಷ ಜನರು ಕೆಲಸ ಕಳೆದುಕೊಂಡರು. ಮನೆಯ ಖರ್ಚು ತೂಗಿಸಲು ಹೆಂಗಸರು ತಮಗೆ ತಿಳಿದ ಕಸಬನ್ನೆಲ್ಲ ನೆನೆದುಕೊಳ್ಳಬೇಕಾದ ಕಾಲ ಅದು. ಲಾಸ್ ಏಂಜಲೀಸ್ ನಗರದ ಕಡೆ ಇದ್ದ ಷಾರ್ಲಟ್ ಕ್ಲಾರ್ಕ್ ಎಂಬಾಕೆಗೆ ಹೊಲಿಗೆ ಚೆನ್ನಾಗಿ ಬರುತ್ತಿತ್ತು. ಜನ ಇಷ್ಟಪಟ್ಟು ಕೊಳ್ಳುವಂತಹದು ಏನನ್ನು ಹೊಲಿದರೆ ನಾಲ್ಕು ಕಾಸು ಬಂದೀತು ಎಂದು ಆಕೆ ಯೋಚಿಸುತ್ತಿದ್ದಳು. ಬಾಬ್ ಕ್ಲಾಂಪೆಟ್ ಎಂಬ ಹುಡುಗನಿಗೆ ಆಕೆ ಸೋದರ ಸಂಬಂಧದ ಅತ್ತೆ. 1913ರಲ್ಲಿ ಹುಟ್ಟಿದ ಬಾಬ್ ಆಗಿನ್ನೂ ಪ್ರೌಢಶಾಲೆಯ ವಿದ್ಯಾರ್ಥಿ. ಚಿತ್ರ ಬರೆಯುವುದೆಂದರೆ ಅವನಿಗೆ ಪ್ರಾಣ. ಮಿಕ್ಕಿಯ ಗೊಂಬೆಯನ್ನು ಹೊಲಿದರೆ ಹೇಗೆ ಎಂಬ ಸೂಚನೆ ಬಂದುದು ಅವನಿಂದ.

ಸೂಚನೆಯೇನೋ ಒಳ್ಳೆಯದು. ಆದರೆ ನೋಡಿ ಹೊಲಿಯಲು ಮಿಕ್ಕಿಯ ಸರಿಯಾದ ಚಿತ್ರವೇ ಅವರ ಬಳಿ ಇರಲಿಲ್ಲ. ಬೇಕೆಂದಾಗ ಸಿನಿಮಾವನ್ನು ತಡೆದು ನಿಲ್ಲಿಸಿ ನೋಡುವ ಸಾಧನಗಳು ಅಂದಿನ ಮನೆಗಳಲ್ಲಿ ಇರಲಿಲ್ಲ. ಬಾಬ್ ಚಿತ್ರ ಬರೆಯುವ ಪುಸ್ತಕವನ್ನು ಕಂಕುಳಲ್ಲಿ ಇರಿಸಿಕೊಂಡು ಚಿತ್ರಮಂದಿರಕ್ಕೆ ಹೋದ. ತೆರೆಯ ಮೇಲೆ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಇಲಿಯು ಒಂದು ಗಳಿಗೆಯೂ ಸುಮ್ಮನೆ ನಿಲ್ಲುವುದಿಲ್ಲ. ಇಡೀ ಕಿರುಚಿತ್ರವೇ ಏಳೆಂಟು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಹುಡುಗನು ಆಟದ ಮೇಲೆ ಆಟವನ್ನು ನೋಡುತ್ತ, ಕತ್ತಲೆಯಲ್ಲಿಯೇ ರೇಖೆಗಳನ್ನು ಎಳೆಯುತ್ತ ಕುಳಿತ. ಮನೆಗೆ ಹಿಂದಿರುಗುವಾಗ ಅವನ ಪುಸ್ತಕದಲ್ಲಿ ಮಿಕ್ಕಿಯ ಹಲವು ಭಂಗಿಗಳು ಇದ್ದವು.

ಇನ್ನು ಕೆಲಸ ಅತ್ತೆಯದು. ಚಿತ್ರವನ್ನು ನೋಡಿ ಇನ್ನೊಂದು ಚಿತ್ರವನ್ನು ಬರೆಯುವುದು ಒಂದು ವಿದ್ಯೆ. ಚಿತ್ರವನ್ನು ನೋಡಿ ಬಟ್ಟೆಯಲ್ಲಿ ಮೈದುಂಬಿದ ಗೊಂಬೆಯನ್ನು ಹೊಲಿಯುವುದು ಬೇರೊಂದು ವಿದ್ಯೆ. ಕಾಗದದ ಮೇಲಿನ ಚಿತ್ರಕ್ಕೆ ಉದ್ದ ಅಗಲಗಳು ಮಾತ್ರ ಉಂಟು. ಗೊಂಬೆಗೆ ಉದ್ದ, ಅಗಲ, ದಪ್ಪ ಎಂಬ ಮೂರು ಅಳತೆಗಳು ಬೇಕು. ಬಟ್ಟೆಯಾದರೋ ಚಪ್ಪಟೆಯಾದ ವಸ್ತು. ಚಪ್ಪಟೆಯಾದುದರಿಂದ ಉರುಟಾದುದನ್ನು ಪಡೆಯುವುದು ಹೇಗೆ?

ಈ ತೊಡಕನ್ನು ಅರಿಯಲು ಒಂದು ಕಿತ್ತಳೆ ಹಣ್ಣು ಸಾಕು. ಅದರ ಸಿಪ್ಪೆಯನ್ನು ಹಾಗೆಯೇ ಮೇಜಿನ ಮೇಲೆ ಒತ್ತಿ ಹರಡಲು ಹೋದರೆ ಅದು ಅಲ್ಲಲ್ಲಿ ಸೀಳುತ್ತದೆ. ಸಿಪ್ಪೆಯನ್ನು ಮೇಲಿನಿಂದ ಕೆಳಕ್ಕೆ ಉದ್ದುದ್ದನೆಯ ಎಸಳುಗಳಾಗಿ ಸೀಳಿ ಬಿಡಿಸಿದರೆ ಒಂದೊಂದು ಎಸಳೂ ಹೆಚ್ಚುಕಡಿಮೆ ಚಪ್ಪಟೆಯಾಗಿ ಮಲಗುತ್ತದೆ. ಇದನ್ನೇ ತಿರುವುಮುರುವು ಮಾಡಿ ಯೋಚಿಸಬೇಕು. ನಡುವೆ ಅಗಲವಾಗಿಯೂ ಎರಡು ತುದಿಗಳಲ್ಲಿ ಚೂಪಾಗಿಯೂ ಇರುವ ಎಸಳುಗಳಂತೆ ಬಟ್ಟೆಯನ್ನು ಕತ್ತರಿಸಿ, ಅಂಚಿಗೆ ಅಂಚನ್ನು ಸೇರಿಸಿ ಹೊಲಿದು, ಒಳಗೆ ಹತ್ತಿಯನ್ನು ತುಂಬಿದರೆ ಚೆಂಡು ದೊರೆಯುತ್ತದೆ. ಹಾಗೆ ಮಾಡದೆ, ತಲೆಯು ವೃತ್ತಾಕಾರವಾಗಿ ಕಾಣುತ್ತದೆಯೆಂದು ಎರಡು ವೃತ್ತಗಳನ್ನು ಕತ್ತರಿಸಿ ಹೊಲಿದು ತುಂಬಿದರೆ ಚೆಂಡಾಗುವುದಿಲ್ಲ. ನಡು ಉಬ್ಬಿ ಅಂಚು ತೆಳುವಾದ ಇಡ್ಲಿಯ ಆಕಾರವಾಗುತ್ತದೆ. ಆದುದರಿಂದಲೇ ಅನುಭವಸ್ಥರು ಗೊಂಬೆಯ ತಲೆಯ ಎರಡು ಪಕ್ಕಗಳ ನಡುವೆ ಮೂಗಿನ ತುದಿಯಿಂದ ಹಿಂದಲೆಯವರೆಗೆ ಮತ್ತೊಂದು ಪಟ್ಟಿಯನ್ನು ಕೂಡಿಸುತ್ತಾರೆ. ಕೆನ್ನೆಯು ಉಬ್ಬಬೇಕಾದಲ್ಲಿ, ರವಿಕೆಗೆ ಹಿಡಿಯುವಂತೆ, ಸಣ್ಣ ಟಕ್ಸ್ ಹಿಡಿಯುತ್ತಾರೆ. ರೇಖಾಗಣಿತದ ಪುಸ್ತಕವನ್ನು ತೆರೆದು ನೋಡದವರೂ ಕತ್ತರಿ ಮತ್ತು ಸೂಜಿಗಳಿಂದ ರೇಖಾಗಣಿತದ ಕಠಿಣ ಸಮಸ್ಯೆಗಳನ್ನು ಬಿಡಿಸುತ್ತಿರುತ್ತಾರೆ.

ಮಿಕ್ಕಿಯಲ್ಲಿ ಇನ್ನೂ ಒಂದು ವಿಚಿತ್ರವಿತ್ತು. ತೆರೆಯ ಮೇಲೆ ಅದು ತಲೆಯನ್ನು ಯಾವ ಕಡೆಗೆ ಹೊರಳಿಸಿದರೂ ಅದರ ಎರಡು ಕಿವಿಗಳು ಪೂರ್ಣ ವೃತ್ತಗಳಾಗಿಯೇ ಕಾಣುತ್ತವೆ. ಚಿತ್ರಗಾರನು ಹಾಗೆ ಬರೆಯಬಲ್ಲ. ಅವನ ಲೇಖನಿಗೆ ತಡೆಯಿಲ್ಲ. ಬಟ್ಟೆಯ ಕಿವಿಯಾದರೆ ಎದುರಿನಿಂದ ನೋಡಿದಾಗ ವೃತ್ತವಾಗಿ ಕಾಣುತ್ತದೆ. ಪಕ್ಕದಿಂದ ನೋಡಿದರೆ ಒಂದು ತೆಳುವಾದ ಗೆರೆಯಾಗಿಬಿಡುತ್ತದೆ. ಕಾಲುಗಳದು ಮತ್ತೊಂದು ತೊಂದರೆ. ಚಿತ್ರದಲ್ಲಿ ಅವು ಕೊಳವೆಯಂತೆ ಸಣ್ಣವು. ತಲೆಯೋ ಬಲು ದೊಡ್ಡದು. ಅದೇ ಪ್ರಮಾಣದಲ್ಲಿ ಹೊಲಿದರೆ ಗೊಂಬೆಯು ಮುಗ್ಗರಿಸಿ ಬೀಳುತ್ತದೆ. ಆದುದರಿಂದ ಗೊಂಬೆ ಮಾಡುವವರು ಚಿತ್ರವನ್ನು ಕುರುಡಾಗಿ ಅನುಸರಿಸುವಂತಿಲ್ಲ. ಕಿವಿಗಳನ್ನು ಎಲ್ಲಿ ಎಷ್ಟು ಓರೆಯಾಗಿ ಕೂಡಿಸಿದರೆ ಚೆನ್ನು, ಕಾಲುಗಳನ್ನು ಎಷ್ಟು ದಪ್ಪ ಮಾಡಬೇಕು, ಬೂಟುಗಳನ್ನು ಎಷ್ಟು ಅಗಲಿಸಿದರೆ ಮೈಭಾರ ನಿಂತೀತು ಎಂಬುದನ್ನೆಲ್ಲ ತಾವೇ ನಿರ್ಧರಿಸಬೇಕು. ಎಷ್ಟೋ ಬದಲಾವಣೆಗಳನ್ನು ಮಾಡಿದ ಮೇಲೂ ಮಗುವು ಗೊಂಬೆಯನ್ನು ಕಂಡೊಡನೆ “ಮಿಕ್ಕಿ!” ಎಂದು ಕೂಗಬೇಕು. ಅದೇ ಆ ಕೆಲಸದ ಪರೀಕ್ಷೆ.

ಷಾರ್ಲಟ್ ಕ್ಲಾರ್ಕಳ ಗೊಂಬೆಯು ಆ ಪರೀಕ್ಷೆಯಲ್ಲಿ ಗೆದ್ದಿತು. ಆದರೆ ಅದನ್ನು ಮಾರುವ ಮುನ್ನ ಆಕೆಯ ಮನಸ್ಸಿನಲ್ಲಿ ಒಂದು ಅಳುಕು ಹುಟ್ಟಿತು. ಗೊಂಬೆಯನ್ನು ಹೊಲಿದ ಕೈ ತನ್ನದು, ಬಟ್ಟೆ ತನ್ನದು, ಶ್ರಮವೂ ತನ್ನದು. ಆದರೆ ಇಲಿಯ ಕಲ್ಪನೆ ಬೇರೆಯವರದು. ಒಬ್ಬರ ಕಲ್ಪನೆಯಿಂದ ಇನ್ನೊಬ್ಬರು ಕೇಳದೆ ಹಣ ಮಾಡಬಹುದೇ? ಗುಟ್ಟಾಗಿ ಹತ್ತಾರು ಗೊಂಬೆಗಳನ್ನು ಮಾರಿದ್ದರೆ ಬಹುಶಃ ಯಾರೂ ಕೇಳುತ್ತಿರಲಿಲ್ಲ. ಹೋಗಿ ಕೇಳಿದರೆ ‘ಕೂಡದು’ ಎಂಬ ಉತ್ತರ ಬರಬಹುದಾಗಿತ್ತು. ಬಂದಿದ್ದರೆ ಪಟ್ಟ ಶ್ರಮವೂ ಸಂಪಾದನೆಯ ಆಸೆಯೂ ಒಟ್ಟಿಗೆ ಮಣ್ಣುಪಾಲಾಗುತ್ತಿದ್ದವು. ಇದನ್ನು ಅರಿತೇ ಅವರು ಗೊಂಬೆಯನ್ನು ಎತ್ತಿಕೊಂಡು ಡಿಸ್ನಿಯ ಚಿತ್ರಶಾಲೆಗೆ ಹೋದರು.

ವಾಲ್ಟ್ ಡಿಸ್ನಿಯೂ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಅವನ ಅಣ್ಣ ರಾಯ್ ಡಿಸ್ನಿಯೂ ಗೊಂಬೆಯನ್ನು ನೋಡಿ ಸಂತೋಷಪಟ್ಟರು. ಒಪ್ಪಿಗೆ ದೊರೆತುದಷ್ಟೇ ಅಲ್ಲ, ಚಿತ್ರಶಾಲೆಗೆ ಸಮೀಪದಲ್ಲಿಯೇ ಗೊಂಬೆ ತಯಾರಿಸಲು ಒಂದು ಮನೆಯ ಏರ್ಪಾಡೂ ಆಯಿತು. 1930ರಲ್ಲಿ ಅಲ್ಲಿ ಕೆಲಸ ಮೊದಲಾಯಿತು. ಕೆಲವರು ಹೆಂಗಸರು ಕುಳಿತು ಕತ್ತರಿಸುತ್ತ ಹೊಲಿಯುತ್ತ ಇದ್ದರು. ಬಾಬ್ ಕೂಡ ಅವರಿಗೆ ನೆರವಾಗುತ್ತಿದ್ದ. ಚಿತ್ರಶಾಲೆಗೆ ಬರುವ ಅತಿಥಿಗಳಿಗೆ ಕೊಡಲೆಂದು ವಾಲ್ಟ್ ಡಿಸ್ನಿಯು ತನ್ನ ಹಳೆಯ ಕಾರಿನಲ್ಲಿ ತಾನೇ ಬಂದು ಗೊಂಬೆಗಳನ್ನು ತುಂಬಿಕೊಂಡು ಹೋಗುತ್ತಿದ್ದ. ಒಂದು ಸಲ ಮಿಕ್ಕಿಗಳಿಂದ ತುಂಬಿದ ಆ ಕಾರು ಎಷ್ಟು ಪ್ರಯತ್ನಿಸಿದರೂ ಹೊರಡಲಿಲ್ಲವಂತೆ. ಡಿಸ್ನಿಯು ಚಕ್ರವನ್ನು ಹಿಡಿದು ಕುಳಿತ. ಬಾಬ್ ಹಿಂದಿನಿಂದ ತಳ್ಳಿದ. ಕೊನೆಗೆ ಕಾರು ಗುಡುಗುಡಿಸಿ ಹೊರಟಿತು. ಈ ಪ್ರಸಂಗವನ್ನು ಬಾಬ್ ಮುಂದೆ ದೊಡ್ಡವನಾದ ಮೇಲೂ ನೆನೆಯುತ್ತಿದ್ದ.

ಗೊಂಬೆಗಳು ಅಂಗಡಿಗೆ ಬಂದಂತೆ ಬೇಡಿಕೆಯು ಮಳೆಗಾಲದ ಹೊಳೆಯಂತೆ ಏರಿತು. ಕೈಹೊಲಿಗೆಗೆ ಒಂದು ಮಿತಿಯುಂಟು. ಬೆಳಗಿನಿಂದ ಸಂಜೆಯವರೆಗೆ ದುಡಿದರೂ ಒಂದು ಚಿಕ್ಕ ಮನೆಯಲ್ಲಿ ಕುಳಿತ ಕೆಲವೇ ಹೆಂಗಸರು ದೇಶದ ಮಕ್ಕಳಿಗೆಲ್ಲ ಗೊಂಬೆಗಳನ್ನು ಒದಗಿಸುವುದು ಸಾಧ್ಯವೇ? ಅವಸರದಿಂದ ಹೊಲಿದರೆ ಹೊಲಿಗೆ ಬಿಡುತ್ತದೆ, ಮುಖ ಕೆಡುತ್ತದೆ. ನಿಧಾನವಾಗಿ ಹೊಲಿದರೆ ಕಾಯುವ ಮಕ್ಕಳಿಗೆ ನಿರಾಶೆಯಾಗುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ಕಂಡುಕೊಂಡ ದಾರಿ ಸರಳವಾದುದು. ಗೊಂಬೆಗಳನ್ನು ಎಲ್ಲ ಮನೆಗಳಿಗೆ ಕಳುಹಿಸಲಾಗದಿದ್ದರೆ ಗೊಂಬೆಯನ್ನು ಮಾಡುವ ಬಗೆಯನ್ನು ಕಳುಹಿಸಬಹುದಷ್ಟೆ! 1932ರಲ್ಲಿ ಡಿಸ್ನಿ ಸಂಸ್ಥೆಯ ಒಪ್ಪಿಗೆಯಿಂದ ನ್ಯೂಯಾರ್ಕಿನ ಮೆಕಾಲ್ ಕಂಪನಿಯು ಮಿಕ್ಕಿ ಗೊಂಬೆಯ ಕಾಗದದ ಮಾದರಿಯನ್ನು ಅಚ್ಚು ಹಾಕಿ ಮಾರಾಟಕ್ಕೆ ತಂದಿತು.

ಕಾಗದದ ಮಾದರಿಯೆಂದರೇನು? ನಮ್ಮ ದರ್ಜಿಗಳು ಇದನ್ನು ಪೇಪರ್ ಕಟಿಂಗ್ ಎಂದು ಕರೆಯುವುದುಂಟು. ಉಡುಪಿನ ಅಥವಾ ಗೊಂಬೆಯ ಒಂದೊಂದು ಭಾಗವನ್ನೂ ಅದರ ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಬರೆದು ಕೊಟ್ಟಿರುತ್ತಾರೆ. ಅದನ್ನು ಬಟ್ಟೆಯ ಮೇಲೆ ಇಟ್ಟು ಗುರುತು ಮಾಡಿ ಕತ್ತರಿಸಿಕೊಂಡರೆ ಆಯಿತು. ಇಂತಹ ಮಾದರಿಗಳನ್ನು ಬೇರೆ ಬೇರೆ ಅಳತೆಗಳಲ್ಲಿ ಸಿದ್ಧಪಡಿಸಿ ಜನಸಾಮಾನ್ಯರಿಗೆ ಮಾರಿದ ಕೀರ್ತಿ ಅಮೆರಿಕದ ಎಬೆನೇಜರ್ ಬಟರಿಕ್ ಎಂಬ ದರ್ಜಿಗೆ ಸಲ್ಲುತ್ತದೆ. ತನ್ನ ಮಗುವಿಗೆ ಅಂಗಿ ಕತ್ತರಿಸುತ್ತಿದ್ದ ಅವನ ಹೆಂಡತಿ ಎಲೆನ್, ಮಗುವಿನ ಅಳತೆಗೆ ಸರಿಹೊಂದುವ ಮಾದರಿಯಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎಂದಳಂತೆ. ಆ ಮಾತಿನಿಂದ ಅವನಿಗೆ ಈ ಉಪಾಯ ಹೊಳೆಯಿತೆಂದು ಹೇಳುತ್ತಾರೆ. 1863ರಲ್ಲಿ ಅವನ ಮಾದರಿಗಳು ಪೇಟೆಗೆ ಬಂದವು. ಸ್ಕಾಟ್ಲೆಂಡಿನಿಂದ ಅಮೆರಿಕಕ್ಕೆ ಬಂದಿದ್ದ ಜೇಮ್ಸ್ ಮೆಕಾಲ್ ಎಂಬ ಮತ್ತೊಬ್ಬ ದರ್ಜಿಯು 1870ರಲ್ಲಿ ಇದೇ ಉದ್ಯಮವನ್ನು ಆರಂಭಿಸಿದ. ಹೊಲಿಗೆ ಯಂತ್ರವು ಮನೆಗಳನ್ನು ಹೊಕ್ಕಿದ್ದ ಕಾಲದಲ್ಲಿ ಈ ಕಾಗದಗಳು ಹಳ್ಳಿಗಾಡಿನ ಹೆಂಗಸರಿಗೂ ನುರಿತ ದರ್ಜಿಯ ಅರಿವನ್ನು ತಲುಪಿಸಿದವು. ಅದೇ ದಾರಿಯಲ್ಲಿ ಈಗ ಮಿಕ್ಕಿಯೂ ಮನೆಮನೆಗೆ ನಡೆಯಿತು.

ಮಾದರಿಯು ಕೈಗೆ ಬಂದ ಮಾತ್ರಕ್ಕೆ ಗೊಂಬೆಯು ಸಿದ್ಧವಾದಂತಲ್ಲ. ಅದಕ್ಕೆ ಒಂದು ಕ್ರಮವುಂಟು. ಮೊದಲು ಬಟ್ಟೆಯನ್ನು ಆರಿಸಬೇಕು. ಮಖಮಲ್ಲಿನಂತಹ ಬಟ್ಟೆಯಾದರೆ ಅದರ ನವಿರು ಒಂದೇ ಕಡೆಗೆ ಬಾಗಿರುತ್ತದೆ. ಎಲ್ಲ ತುಂಡುಗಳನ್ನೂ ನವಿರು ಒಂದೇ ದಿಕ್ಕಿಗೆ ಬರುವಂತೆ ಕತ್ತರಿಸದಿದ್ದರೆ ಒಂದೇ ಬಟ್ಟೆಯು ಒಂದು ಕಡೆ ದಟ್ಟವಾಗಿಯೂ ಇನ್ನೊಂದು ಕಡೆ ಮಾಸಲಾಗಿಯೂ ಕಾಣುತ್ತದೆ. ಎಡಗೈಯ ಮಾದರಿಯನ್ನು ಮಗುಚಿ ಇಟ್ಟು ಬಲಗೈಯನ್ನು ಕತ್ತರಿಸಬೇಕು. ಮರೆತರೆ ಗೊಂಬೆಗೆ ಎರಡೂ ಎಡಗೈಗಳೇ ಆಗುತ್ತವೆ. ಹೊಲಿಗೆಗೆಂದು ಸುತ್ತಲೂ ಅಂಚು ಬಿಟ್ಟು ಕತ್ತರಿಸಬೇಕು. ಇಲ್ಲದಿದ್ದರೆ ಗೊಂಬೆಯು ಬಡಕಲಾಗುತ್ತದೆ.

ಅನಂತರ ತುಂಡುಗಳ ಒಳಮೈ ಹೊರಗೆ ಬರುವಂತೆ ಜೋಡಿಸಿ ಹೊಲಿಯಬೇಕು. ತಿರುವುಗಳಿರುವಲ್ಲಿ ಬಿಟ್ಟ ಅಂಚಿಗೆ ಹೊಲಿಗೆಯನ್ನು ಮುಟ್ಟದಂತೆ ಸಣ್ಣ ಸಣ್ಣ ಕತ್ತರಿ ಕಚ್ಚುಗಳನ್ನು ಕೊಡಬೇಕು. ಇಲ್ಲವಾದರೆ ಕೆನ್ನೆಯು ಸುಕ್ಕುಗಟ್ಟುತ್ತದೆ. ಬೆನ್ನಿನಲ್ಲಿ ಎರಡು ಮೂರು ಬೆರಳಗಲದಷ್ಟು ಜಾಗವನ್ನು ಹೊಲಿಯದೆ ಬಿಟ್ಟು, ಅದರ ಮೂಲಕ ಇಡೀ ಮೈಯನ್ನು ಒಳಗಿನಿಂದ ಹೊರಕ್ಕೆ ಮಗುಚಬೇಕು. ಆಗ ಹೊಲಿಗೆಗಳೆಲ್ಲ ಒಳಗೆ ಅಡಗಿ ಅಂದವಾದ ಮೈ ಹೊರಗೆ ಬರುತ್ತದೆ.

ತುಂಬುವ ಕೆಲಸಕ್ಕೆ ತಾಳ್ಮೆ ಬೇಕು. ಆ ಕಾಲದ ಗೊಂಬೆಗಳಿಗೆ ಹತ್ತಿಯನ್ನೂ ಕಪೋಕ್ ಎಂಬ ಹಗುರವಾದ ಅರಳೆಯನ್ನೂ ತುಂಬುತ್ತಿದ್ದರು. ಕಪೋಕ್ ನಮ್ಮ ನಾಡಿನಲ್ಲಿ ದಿಂಬುಗಳಿಗೆ ತುಂಬುವ ಬೂರುಗದ ಅರಳೆಯಂತಹುದೇ. ಒಮ್ಮೆಗೇ ಮುಷ್ಟಿಗಟ್ಟಲೆ ತುರುಕಿದರೆ ಮೈ ಗಂಟುಗಂಟಾಗುತ್ತದೆ. ಚಿಟಿಕೆ ಚಿಟಿಕೆಯಾಗಿ ಬಿಡಿಸಿ ತುಂಬಬೇಕು. ಕೈಕಾಲುಗಳ ತುದಿಗಳನ್ನು ಮೊದಲು ತುಂಬಬೇಕು. ಕತ್ತನ್ನು ಬಿಗಿಯಾಗಿ ತುಂಬಬೇಕು. ಕತ್ತು ಸಡಿಲವಾದರೆ ತಲೆ ಜೋತುಬೀಳುತ್ತದೆ. ಕೊನೆಗೆ ಬಿಟ್ಟ ಬಾಯನ್ನು ಎಳೆ ಕಾಣದಂತೆ ಕೈಯಿಂದ ಹೊಲಿದು ಮುಚ್ಚಬೇಕು.

ಎಲ್ಲವೂ ಮುಗಿದ ಮೇಲೆ ಕಣ್ಣುಗಳ ಸರದಿ. ಎರಡು ಕಣ್ಣುಗಳು ಒಂದಿಷ್ಟು ಹತ್ತಿರವಾದರೆ ಇಲಿಯು ಪೆಚ್ಚಾಗಿ ಕಾಣುತ್ತದೆ. ಒಂದಿಷ್ಟು ದೂರವಾದರೆ ಬೆಪ್ಪಾಗಿ ಕಾಣುತ್ತದೆ. ಎಲ್ಲಿ ಇಡಬೇಕೆಂದು ಕಾಗದವು ಗುರುತು ತೋರಿಸುತ್ತದೆ. ಆದರೆ ಬಟ್ಟೆಯ ಸೆಳೆತ, ತುಂಬಿದ ಅರಳೆಯ ಪ್ರಮಾಣ, ಹೊಲಿಯುವವರ ಕೈಯ ಬಿಗಿ ಇವು ಮನೆಯಿಂದ ಮನೆಗೆ ಬೇರೆಯಾಗುತ್ತವೆ. ಆದುದರಿಂದ ಒಂದೇ ಮಾದರಿಯಿಂದ ಹುಟ್ಟಿದರೂ ಒಂದು ಮನೆಯ ಮಿಕ್ಕಿಯ ಹಾಗೆ ಇನ್ನೊಂದು ಮನೆಯ ಮಿಕ್ಕಿ ಇರಲಾರದು. ಒಂದರ ನಗೆ ತುಸು ಓರೆ. ಇನ್ನೊಂದರ ಹೊಟ್ಟೆ ತುಸು ದೊಡ್ಡದು. ಆ ಮನೆಯ ಮಗುವಿಗಾದರೋ ತನ್ನ ತಾಯಿ ಹೊಲಿದುದೇ ನಿಜವಾದ ಮಿಕ್ಕಿ. ಹಣದ ಮುಗ್ಗಟ್ಟಿನ ಆ ವರ್ಷಗಳಲ್ಲಿ ಅಂಗಡಿಯ ಗೊಂಬೆಯನ್ನು ಕೊಳ್ಳಲಾರದ ತಾಯಂದಿರಿಗೂ ಒಂದು ಕಾಗದ, ಒಂದಿಷ್ಟು ಬಟ್ಟೆ, ಕೆಲವು ಸಂಜೆಗಳ ಬಿಡುವು ಇವುಗಳಿಂದ ಮಗುವಿನ ಆಸೆಯನ್ನು ತೀರಿಸುವುದು ಸಾಧ್ಯವಾಯಿತು.

ಕಾಲ ಸರಿಯಿತು. ಬಾಬ್ ಕ್ಲಾಂಪೆಟ್ ಪ್ರೌಢಶಾಲೆಯನ್ನು ಬಿಟ್ಟ ಮೇಲೆ ಕಾರ್ಟೂನ್ ಚಿತ್ರಗಳನ್ನು ತಯಾರಿಸುವ ಕೆಲಸಕ್ಕೆ ಸೇರಿದ. ಮುಂದೆ ಬಗ್ಸ್ ಬನ್ನಿ ಮೊದಲಾದ ಪ್ರಸಿದ್ಧ ಪಾತ್ರಗಳ ಚಿತ್ರಗಳನ್ನು ನಿರ್ದೇಶಿಸಿ ಹೆಸರು ಗಳಿಸಿದ. ಷಾರ್ಲಟ್ ಕ್ಲಾರ್ಕ್ ಬೇರೆ ಪಾತ್ರಗಳ ಗೊಂಬೆಗಳನ್ನೂ ರೂಪಿಸಿದಳು. ಆಕೆಯ ವಿನ್ಯಾಸಗಳನ್ನು ಅನುಸರಿಸಿ ಕಾರ್ಖಾನೆಗಳು ಗೊಂಬೆಗಳನ್ನು ತಯಾರಿಸಿದವು. 1960ರಲ್ಲಿ ಆಕೆ ತೀರಿಕೊಂಡಳು. 1928ರ ‘ಸ್ಟೀಮ್‌ಬೋಟ್ ವಿಲ್ಲಿ’ ಚಿತ್ರದ ಕೃತಿಸ್ವಾಮ್ಯವು ಅಮೆರಿಕದಲ್ಲಿ 2024ರ ಜನವರಿ 1ರಂದು ಕೊನೆಗೊಂಡಿತು. ಆ ಚಿತ್ರದಲ್ಲಿ ಕಾಣುವ ರೂಪದ ಮಿಕ್ಕಿಯು ಅಲ್ಲಿ ಈಗ ಸಾರ್ವಜನಿಕರ ಸೊತ್ತು. ವ್ಯಾಪಾರ ಚಿಹ್ನೆಯ ಹಕ್ಕು ಮಾತ್ರ ಡಿಸ್ನಿ ಸಂಸ್ಥೆಯಲ್ಲಿಯೇ ಉಳಿದಿದೆ. ತೊಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ಹೆಂಗಸು ತನ್ನ ಮನಸ್ಸಿಗೆ ಕೇಳಿಕೊಂಡ ಪ್ರಶ್ನೆಯನ್ನು ಇಂದಿಗೂ ನ್ಯಾಯವಾದಿಗಳು ಚರ್ಚಿಸುತ್ತಿದ್ದಾರೆ.

ಇಂದು ಯಂತ್ರಗಳು ಲಕ್ಷಗಟ್ಟಲೆ ಮೆತ್ತನೆಯ ಗೊಂಬೆಗಳನ್ನು ಹೊರತರುತ್ತವೆ. ಆದರೂ ಅವುಗಳಲ್ಲಿ ಒಂದೊಂದರ ಹಿಂದೆಯೂ ಯಾರೋ ಒಬ್ಬರು ಕುಳಿತು ಕಾಗದವನ್ನು ಕತ್ತರಿಸಿ, ಹೊಲಿದು, ತಪ್ಪಿದ್ದನ್ನು ಬಿಚ್ಚಿ, ಮತ್ತೆ ಹೊಲಿದ ಮೊದಲ ಗೊಂಬೆಯೊಂದು ಇದ್ದೇ ಇರುತ್ತದೆ. ಮಿಕ್ಕಿಯ ಹೆಸರನ್ನು ಬಲ್ಲವರು ಕೋಟ್ಯಂತರ. ಅದಕ್ಕೆ ಮೊದಲು ಬಟ್ಟೆಯ ಮೈಯನ್ನು ಕೊಟ್ಟ ಕೈಯನ್ನು ಬಲ್ಲವರು ಬಹಳ ಕಡಮೆ. ಆದರೆ ಆ ಕೈ ಕಂಡುಕೊಂಡ ಉಪಾಯ ಒಂದು ಮನೆಯಲ್ಲಿಯೇ ಉಳಿಯಲಿಲ್ಲ. ಅದು ಕಾಗದಕ್ಕೆ ಇಳಿಯಿತು. ಕಾಗದದಿಂದ ಸಾವಿರಾರು ತಾಯಂದಿರ ಕೈಗೆ ಬಂದಿತು. ಅವರ ಕೈಯಿಂದ ಮಕ್ಕಳ ಮಡಿಲನ್ನು ಸೇರಿತು.

ಅಭ್ಯಾಸ

ಅ. ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿರಿ.
1. ಬಾಬ್ ಕ್ಲಾಂಪೆಟ್ ಚಿತ್ರಮಂದಿರಕ್ಕೆ ಪುಸ್ತಕವನ್ನು ಏಕೆ ಕೊಂಡೊಯ್ದನು?
2. ಎರಡು ವೃತ್ತಗಳನ್ನು ಹೊಲಿದು ಹತ್ತಿ ತುಂಬಿದರೆ ಯಾವ ಆಕಾರವು ದೊರೆಯುತ್ತದೆ?
3. ಮಾದರಿಯನ್ನು ಮಗುಚಿ ಇಡಲು ಮರೆತರೆ ಏನಾಗುತ್ತದೆ?

ಆ. ಏಳೆಂಟು ವಾಕ್ಯಗಳಲ್ಲಿ ಉತ್ತರಿಸಿರಿ.
1. ತೆರೆಯ ಮೇಲಿನ ಮಿಕ್ಕಿಯನ್ನು ಬಟ್ಟೆಯಲ್ಲಿ ರೂಪಿಸುವಾಗ ಎದುರಾಗುವ ತೊಡಕುಗಳನ್ನು ವಿವರಿಸಿರಿ.
2. ಷಾರ್ಲಟ್ ಕ್ಲಾರ್ಕ್ ಗೊಂಬೆಯನ್ನು ಮಾರುವ ಮುನ್ನ ಒಪ್ಪಿಗೆ ಕೇಳಲು ಹೋದುದು ಸರಿಯೇ? ಕಾರಣ ಕೊಡಿರಿ.
3. ಬೇಡಿಕೆಯು ಹೆಚ್ಚಿದಾಗ ಕಂಡುಕೊಂಡ ಉಪಾಯ ಯಾವುದು? ಅದರಿಂದ ಯಾರಿಗೆ ಪ್ರಯೋಜನವಾಯಿತು?

ಇ. ಸ್ವಂತ ವಾಕ್ಯಗಳಲ್ಲಿ ಬಳಸಿರಿ.
ಮಣ್ಣುಪಾಲಾಗು, ಮನೆಮಾತಾಗು, ಹಟ ಹಿಡಿ, ಇಕ್ಕಟ್ಟು

ಈ. ಮಾಡಿ ನೋಡಿರಿ.
ಒಂದು ಕಿತ್ತಳೆಯ ಸಿಪ್ಪೆಯನ್ನು ಎಸಳುಗಳಾಗಿ ಬಿಡಿಸಿ, ಅದರ ಆಕಾರವನ್ನು ಕಾಗದದ ಮೇಲೆ ಬರೆದುಕೊಳ್ಳಿರಿ. ಹೊಲಿಗೆಗೆ ಅಂಚು ಬಿಟ್ಟು ಹಳೆಯ ಬಟ್ಟೆಯಲ್ಲಿ ಅಷ್ಟೇ ಎಸಳುಗಳನ್ನು ಕತ್ತರಿಸಿ, ಹೊಲಿದು, ಹತ್ತಿ ತುಂಬಿ ಚೆಂಡನ್ನು ಮಾಡಿರಿ.